ಸಾಕ್ಷಿ ಹೇಳಿದ್ದಾಯ್ತು, ಮತ್ತೆ ಕುಡಿದೆ. ಈಗ ಏನು ಮಾಡಲಿ?

ಪ್ರಶ್ನೆ: ನಾನು ಸಕಲೇಶಪುರ ಕಡೆಯವನು, ವಯಸ್ಸು 38. ಕಾಫಿ ತೋಟದಲ್ಲಿ ರೈಟರ್ ಕೆಲಸ, ಅಂದ್ರೆ ಲೆಕ್ಕ ಬರೆಯೋದು, ಕೂಲಿ ಹಂಚೋದು. ನಾಲ್ಕು ವರ್ಷದ ಹಿಂದೆ ಯೇಸುವನ್ನು ನಂಬಿ ದೀಕ್ಷಾಸ್ನಾನ ತಗೊಂಡೆ. ಹೆಂಡತಿ ತಗೊಂಡಿಲ್ಲ. ಆಗ ಕುಡಿತ ತಾನಾಗೇ ಬಿಟ್ಟುಹೋಯಿತು. 'ಒಂದೇ ದಿನದಲ್ಲಿ ಕರ್ತನು ಬಿಡಿಸಿದ' ಅಂತ ಸಭೆಯಲ್ಲಿ ಸಾಕ್ಷಿ ಹೇಳಿದೆ, ಅದರ ವಿಡಿಯೊ ವಾಟ್ಸಾಪ್‌ನಲ್ಲಿ ಎಲ್ಲಾ ಕಡೆ ಓಡಾಡಿತು. ಈ ಸಲ ಕೊಯ್ಲಿನ ಟೈಮಲ್ಲಿ ಮತ್ತೆ ಶುರುವಾಗಿದೆ, ಬಟವಾಡೆ ದಿನ ರಾತ್ರಿ ಮಾತ್ರ. ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಪಾಸ್ಟರ್ ಈಸ್ಟರ್ ಕೂಟದಲ್ಲಿ ಅದೇ ಸಾಕ್ಷಿ ಮತ್ತೆ ಹೇಳು ಅಂತಿದ್ದಾರೆ. ಪ್ರಾರ್ಥನೆಗೆ ಕೂತರೆ ಮಾತೇ ಹೊರಡಲ್ಲ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ಓದಿದ ಮೇಲೆ ನಿದ್ದೆಯೂ ಇಲ್ಲ. ನಾನು ನಂಬಿಕೆಯಿಂದ ಹಿಂಜಾರಿದವನು, ನನಗಿನ್ನು ದಾರಿ ಇಲ್ಲ ಅನ್ನಿಸುತ್ತೆ. ಹೆಂಡತಿ ಜೊತೆಗೂ ಮಾತು ಕಮ್ಮಿ. ಹೊಸತರಲ್ಲಿ ಅವಳ ದೇವರ ಫೋಟೊಗಳನ್ನು ತೆಗೆದು ಅಟ್ಟಕ್ಕೆ ಹಾಕಿದ್ದೆ, ಆವಾಗಿಂದ ಹಾಗೇ. ಮೊನ್ನೆ 'ನಿಮ್ಮ ದೇವರಿಗೂ ಸುಳ್ಳು ಹೇಳ್ತೀರಾ' ಅಂದಳು. ಊರಿನ ಸುಗ್ಗಿ ಹಬ್ಬಕ್ಕೆ ಅವ್ವ ಬೇರೆ ಕರೀತಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ಕೂಟದ ವಿಷಯ ಮುಗಿಸೋಣ, ಯಾಕಂದ್ರೆ ಅದಕ್ಕೆ ತಾರೀಖು ಇದೆ. ಆ ಸಾಕ್ಷಿಯನ್ನು ಹೇಳಬೇಡಿ. ಈ ವಾರವೇ ಪಾಸ್ಟರ್ ಮನೆಗೆ ಹೋಗಿ, ಅವರೊಬ್ಬರೇ ಇರುವಾಗ, 'ಅಣ್ಣಾ, ಮತ್ತೆ ಕುಡಿದಿದ್ದೇನೆ, ಹಾಗಾಗಿ ನಾನು ಮಾತಾಡೋದಿಲ್ಲ' ಅಂದುಬಿಡಿ. ಕಾರಣ ಕೊಡುತ್ತಾ ಕೂರಬೇಡಿ. ಹಾಗಂತ ಮೈಕ್ ಮುಂದೆ ನಿಂತು ಅತ್ತು ತಪ್ಪೊಪ್ಪಿಕೊಳ್ಳಿ ಅಂತಲೂ ನಾನು ಹೇಳುತ್ತಿಲ್ಲ. ಅದು ಇನ್ನೊಂದು ವಿಡಿಯೊ ಆಗುತ್ತೆ ಅಷ್ಟೆ. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಿ ಅಂತ ಬೈಬಲಿನಲ್ಲಿ ಯಾಕೋಬ ಬರೆದದ್ದನ್ನು ನಂಬಿಕೆ ಇರುವ ಒಬ್ಬರ ಹತ್ತಿರ ಕೂತು ಮಾಡಿದರೂ ಸಾಕು.

ಇಲ್ಲಿ ಒಂದು ಮಾತು. ನಾನು ಹುಟ್ಟಿದ್ದೇ ಕ್ರೈಸ್ತ ಮನೆಯಲ್ಲಿ, ಹಾಸನದಲ್ಲಿ. ನಮ್ಮಂಥವರನ್ನು ಯಾರೂ ಸ್ಟೇಜ್ ಹತ್ತಿಸಿ 'ನೀನು ಎಷ್ಟು ಬದಲಾದೆ ಹೇಳು' ಅಂತ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ ಕುಡಿಯುವವರು, ಜಗಳಗಂಟರು, ಆಸ್ತಿಗಾಗಿ ಕೋರ್ಟಿಗೆ ಹೋದ ಅಣ್ಣತಮ್ಮಂದಿರು ಬೇಕಾದಷ್ಟಿದ್ದಾರೆ, ಆದರೂ ಭಾನುವಾರ ಆರಾಮಾಗಿ ಬಂದು ಮುಂದಿನ ಬೆಂಚಲ್ಲಿ ಕೂರುತ್ತಾರೆ. ಹೊಸದಾಗಿ ಬಂದವರು ಮಾತ್ರ ದಿನಾ ಪಾಸಾಗುತ್ತಿರಬೇಕು. ಇದು ಅನ್ಯಾಯ. ನಿಮ್ಮ ಭಯದಲ್ಲಿ ಅರ್ಧ ಪಾಲು ಇದರಿಂದಲೇ ಬಂದದ್ದು ಅಂತ ನನಗೆ ಅನ್ನಿಸುತ್ತೆ.

ಈಗ ಇಬ್ರಿಯರಿಗೆ 6ನೇ ಅಧ್ಯಾಯ. ಒಂದು ಸಾರಿ ಬೆಳಕು ಕಂಡು ಆಮೇಲೆ ಬಿದ್ದುಹೋದವರನ್ನು ಮತ್ತೆ ತಿರುಗಿಸುವುದು ಅಸಾಧ್ಯ ಅಂತ 4ರಿಂದ 6ನೇ ವಚನದಲ್ಲಿದೆ, ಹೌದು. ಗಟ್ಟಿ ಮಾತೇ, ಅದನ್ನು ನಾನು ಮೆತ್ತಗೆ ಮಾಡಲು ಹೋಗುವುದಿಲ್ಲ. ಆದರೆ ಆ ಪತ್ರಿಕೆ ಯಾರಿಗೆ ಬಂತು ನೋಡಿ. ಹಿಂಸೆ ಅನುಭವಿಸಿ, ಆಸ್ತಿ ಕಳೆದುಕೊಂಡು (ಇದು 10ನೇ ಅಧ್ಯಾಯದಲ್ಲಿದೆ), ಈ ಯೇಸುವಿನ ಸಹವಾಸವೇ ಬೇಡ ಅಂತ ಬೆನ್ನು ತಿರುಗಿಸುವ ಅಂಚಿನಲ್ಲಿದ್ದವರಿಗೆ. ಶನಿವಾರ ಕುಡಿದು ಭಾನುವಾರ ಬೆಳಗಾಗುವ ತನಕ ನಿದ್ದೆ ಇಲ್ಲದೆ ಹೊರಳಾಡುವವನು ಬೆನ್ನು ತಿರುಗಿಸಿದವನಲ್ಲ. ಅದೂ ಅಲ್ಲದೆ ನೀವು 6ನೇ ವಚನಕ್ಕೇ ಪುಸ್ತಕ ಮುಚ್ಚಿದ್ದೀರಿ. ಮೂರು ವಚನ ಆದ ಮೇಲೆ ಅದೇ ಬರೆದವನು, ಹೀಗೆ ಹೇಳಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಅನ್ನುತ್ತಾನೆ. ಯೇಸುವಿನ ಶಿಷ್ಯ ಪೇತ್ರ ಒಂದೇ ರಾತ್ರಿಯಲ್ಲಿ ಮೂರು ಸಲ 'ಆ ಮನುಷ್ಯ ನನಗೆ ಗೊತ್ತೇ ಇಲ್ಲ' ಅಂದನಲ್ಲ, ಅವನಿಗೇ ತಾನೇ ಆಮೇಲೆ ಯೇಸು ತನ್ನ ಕುರಿಗಳನ್ನು, ಅಂದ್ರೆ ನಂಬಿದವರನ್ನು, ಮೇಯಿಸೋ ಕೆಲಸ ಒಪ್ಪಿಸಿದ್ದು?

ಮಾಡಬಾರದು ಅಂದುಕೊಂಡದ್ದನ್ನೇ ಮಾಡುತ್ತೇನೆ ಅಂತ ಮೊದಮೊದಲ ಸಭೆಗಳನ್ನು ಕಟ್ಟಿದ ಪೌಲ ರೋಮಾಪುರದವರಿಗೆ ಬರೆದದ್ದನ್ನು ಇಂಥ ಹೊತ್ತಿನಲ್ಲಿ ಎಲ್ಲರೂ ಎತ್ತಿ ತೋರಿಸುತ್ತಾರೆ. ಅದು ಅವನ ಹಳೇ ಜೀವನದ ಮಾತು ಅಂತ ವಾದಿಸುವ ಪಂಡಿತರೂ ಇದ್ದಾರೆ, ಆ ಜಗಳ ನಮಗೆ ಬೇಡ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ತೆಗೆಯಿರಿ, 3ನೇ ಅಧ್ಯಾಯ. ಅದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದ, ಎಷ್ಟೋ ಸಭೆಗಳನ್ನು ಕಟ್ಟಿ ಆಗಿತ್ತು. ಆಗಲೂ ನಾನಿನ್ನೂ ಪರಿಪೂರ್ಣನಾಗಿಲ್ಲ, ಹಿಂದಿನದನ್ನು ಮರೆತು ಮುಂದಕ್ಕೆ ಓಡುತ್ತಾ ಇದ್ದೇನೆ ಅಂತಲೇ ಬರೆಯುತ್ತಾನೆ. ಹಳೇ ಕಾಲದ ಸಂತ ಅಗಸ್ಟೀನನದೂ ಅದೇ ಕತೆ. 386ರಲ್ಲಿ ಮನಸ್ಸು ತಿರುಗಿತು, 387ರ ಈಸ್ಟರ್‌ಗೆ ಮಿಲಾನ್‌ನಲ್ಲಿ ದೀಕ್ಷಾಸ್ನಾನ ಆಯಿತು. ಅದಾಗಿ ಹತ್ತು ವರ್ಷ ಕಳೆದ ಮೇಲೆ, ಬಿಷಪ್ ಆಗಿದ್ದಾಗ, ತನ್ನ ಕತೆ ಬರೆದ. 'ಹಾಗಿದ್ದೆ, ಹೀಗಾದೆ' ಅಂತ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಊಟದ ಆಸೆ ಈಗಲೂ ಕಾಡುತ್ತೆ, ಜನ ಹೊಗಳಿದರೆ ಈಗಲೂ ಖುಷಿಯಾಗುತ್ತೆ ಅಂತ ಉದ್ದಕ್ಕೂ ಬರೆದಿದ್ದಾನೆ. ಸಾಕ್ಷಿ ಅಂದ್ರೆ ನನಗೆ ಅದು.

ಹಾಗಾದರೆ ಕುಡಿದರೂ ನಡೆಯುತ್ತೆ, ಹೇಗೂ ಕೃಪೆ ಇದೆಯಲ್ಲ? ಅಲ್ಲ. ಈ ಪ್ರಶ್ನೆಯನ್ನು ಪೌಲನೇ ಎತ್ತಿ, ಎಂದಿಗೂ ಅಲ್ಲ ಅಂತ ಮುಗಿಸಿದ್ದಾನೆ. ಕೃಪೆ ಇರೋದು ಎದ್ದು ನಡೆಯುವುದಕ್ಕೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಪಾಸ್ಟರ್, ಕೂಟ, ವಿಡಿಯೊ, ನಿದ್ದೆ, ನಿಮ್ಮ ಆತ್ಮದ ಗತಿ ಎಲ್ಲಾ ಮುಂದೆ ಬಂದಿವೆ. ಹೆಂಡತಿ ಕೊನೆಯಲ್ಲಿ ಬಂದಿದ್ದಾರೆ, ಅದೂ 'ಮಾತು ಕಮ್ಮಿ' ಅಂತ. ಅಲ್ಲಾ, ನಾಲ್ಕು ವರ್ಷದಿಂದ ಅವರ ದೇವರು ಅಟ್ಟದ ಮೇಲಿದ್ದಾರೆ! ತವರಿಂದ ತಂದ ಫೋಟೊ ಇರಬಹುದು, ಅವರಮ್ಮ ಕೊಟ್ಟದ್ದಿರಬಹುದು. ಕೇಳಿ ತೆಗೆದಿರಾ? ನಿಮ್ಮನ್ನು ಯಾರಾದರೂ ಬಲವಂತದಿಂದ ಸಭೆಗೆ ಎಳೆದುಕೊಂಡು ಹೋಗಿದ್ದರೆ ನೀವು ನಂಬುತ್ತಿದ್ದಿರಾ? ನಂಬದ ಹೆಂಡತಿ ಒಟ್ಟಿಗೆ ಬಾಳಲು ಒಪ್ಪಿದರೆ ಅವಳನ್ನು ಬಿಡಬಾರದು ಅಂತ ಪೌಲ ಹೇಳಿದ್ದಾನೆ, ಅವಳ ಸಾಮಾನು ಅಟ್ಟಕ್ಕೆ ಹಾಕು ಅಂತ ಎಲ್ಲೂ ಹೇಳಿಲ್ಲ.

ಪ್ರಾರ್ಥನೆ ಹೊರಡಲ್ಲ ಅಂತ ಬರೆದಿದ್ದೀರಿ. ಪೇತ್ರನ ಮೊದಲನೇ ಪತ್ರಿಕೆ, 3ನೇ ಅಧ್ಯಾಯ, 7ನೇ ವಚನ ಓದಿ. ಹೆಂಡತಿಗೆ ಮಾನ ಕೊಟ್ಟು ವಿವೇಕದಿಂದ ಬಾಳಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೆ ಅಡ್ಡಿಯಾಗುತ್ತೆ ಅಂತ ಗಂಡಂದಿರಿಗೇ ಹೇಳಿದ ಮಾತು ಅದು. ಇದರ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಹೆಂಗಸರು ಗಂಡನಿಗೆ ಅಧೀನರಾಗಿರಬೇಕು ಅನ್ನುವ ಮೊದಲನೇ ವಚನದ ಮೇಲೆ ಮಾತ್ರ ಸಾಕುಸಾಕಾಗುವಷ್ಟು ಕೇಳಿದ್ದೇನೆ.

ಹಾಗಾಗಿ ಪಾಸ್ಟರ್ ಹತ್ತಿರ ಹೋಗುವ ಮೊದಲು ಹೆಂಡತಿ ಹತ್ತಿರ ಹೋಗಿ. ಕುಡಿದದ್ದು ಅವರಿಗೆ ಗೊತ್ತಿದೆ, ವಿಡಿಯೊ ಕೂಡ ನೋಡಿರುತ್ತಾರೆ, ಅದಕ್ಕೇ ಆ ಮಾತು ಬಂದದ್ದು. 'ಹೌದು, ಸುಳ್ಳು ಹೇಳ್ತಾ ಇದ್ದೆ' ಅಂತ ಒಪ್ಪಿಕೊಳ್ಳಿ. ಆಮೇಲೆ ಫೋಟೊ ಕೆಳಗಿಳಿಸಿ, ಧೂಳು ಒರೆಸಿ ಅವರ ಕೈಗೆ ಕೊಡಿ. ಅವರು ಎಲ್ಲಿಡುತ್ತಾರೋ ಅಲ್ಲಿರಲಿ. ನೀವು ಕೈ ಮುಗಿಯಬೇಕಾಗಿಲ್ಲ. ಸಭೆಯವರು ಮನೆಗೆ ಬಂದಾಗ ಏನಂದುಕೊಳ್ಳುತ್ತಾರೋ ಅನ್ನುವ ಯೋಚನೆ ಬರುತ್ತೆ, ನನಗೆ ಗೊತ್ತು. ಅಂದುಕೊಳ್ಳಲಿ ಬಿಡಿ. ಹೆಂಡತಿ ಕೂಡಲೇ ನಕ್ಕು ಮಾತಾಡಿಬಿಡುತ್ತಾರೆ ಅಂತ ಮಾತ್ರ ಕಾಯಬೇಡಿ.

ಸುಗ್ಗಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವ್ವನ ಮನೆಗೆ ಹೋಗಿ, ನೆಂಟರ ಜೊತೆ ಇರಿ. ಪೂಜೆಗೆ ನಿಲ್ಲುವುದಿಲ್ಲ ಅಂತ ಮೊದಲೇ ಮೆತ್ತಗೆ ಹೇಳಿ. ಎಡೆ ಇಟ್ಟದ್ದನ್ನು ತಿನ್ನಬಹುದೋ ಬಾರದೋ ಅಂತ ಕೊರಿಂಥ ಪಟ್ಟಣದ ಸಭೆಯವರೂ ಕಿತ್ತಾಡಿಕೊಂಡಿದ್ದರು. ಪೌಲ ಅವರಿಗೆ ಒಂದೇ ಏಟಿಗೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ, ಎದುರಿಗಿರುವವನ ಮನಸ್ಸು ನೋಡಿ ಅಂದ. ಅರಾಮ್ ದೇಶದ ಸೇನಾಪತಿ ನಾಮಾನನ ಕತೆಯನ್ನೂ ಓದಿ, ಎರಡನೇ ಅರಸುಗಳು 5ನೇ ಅಧ್ಯಾಯ. ರಾಜನ ಜೊತೆ ಅವರ ದೇವರು ರಿಮ್ಮೋನನ ಗುಡಿಗೆ ಹೋಗಿ ಬಗ್ಗಬೇಕಾಗುತ್ತೆ, ಕ್ಷಮೆ ಸಿಗುತ್ತಾ ಅಂತ ಕೇಳಿದವನಿಗೆ ಪ್ರವಾದಿ ಎಲೀಷ ಬೈಯಲಿಲ್ಲ, ಸಮಾಧಾನದಿಂದ ಹೋಗು ಅಂದ.

ಕುಡಿತದ ವಿಷಯಕ್ಕೆ ಬರೀ ಪ್ರಾರ್ಥನೆ ಸಾಕು ಅಂತ ಕೂರಬೇಡಿ. ಅದು ಒಂದು ಕಾಯಿಲೆ ಕೂಡ ಹೌದು, ಆಸೆ ತಗ್ಗಿಸುವ ಮಾತ್ರೆಗಳಿವೆ. ಡಾಕ್ಟರ್ ಹತ್ತಿರ ಹೋದರೆ ನಂಬಿಕೆ ಕಮ್ಮಿ ಅಂತ ಅಲ್ಲ, ಸುವಾರ್ತೆ ಬರೆದ ಲೂಕನೂ ವೈದ್ಯನೇ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗವಿದೆ. ಅಲ್ಲಿಗೆ ಹೋಗಲು ಸಂಕೋಚ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀವು ಬರೆದದ್ದಕ್ಕಿಂತ ಜಾಸ್ತಿ ಕುಡಿಯುತ್ತಿದ್ದರೆ, ಅಂದರೆ ದಿನಾ, ಬೆಳಗ್ಗೆ ಕೈ ನಡುಗುವಷ್ಟು, ಆಗ ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಡಲು ಹೋಗಬೇಡಿ. ಫಿಟ್ಸ್ ಬರಬಹುದು.

ಬಟವಾಡೆ ದಿನಕ್ಕೆ ಈಗಲೇ ಒಂದು ಏರ್ಪಾಡು ಮಾಡಿಕೊಳ್ಳಿ. ಪಟ್ಟಿ ಮುಗಿಸಿ ದುಡ್ಡು ಹಂಚಿದ ತಕ್ಷಣ ಯಾರ ಬೈಕ್ ಹತ್ತುತ್ತೀರಿ, ಎಷ್ಟು ಗಂಟೆಗೆ ಮನೆ ಸೇರುತ್ತೀರಿ ಅಂತ ಹೆಂಡತಿಗೆ ಬೆಳಗ್ಗೆಯೇ ಹೇಳಿ ಹೊರಡಿ. ಪಾಸ್ಟರ್ ನಿಮ್ಮ ಮಾತು ಕೇಳಿ ಸಿಟ್ಟಾಗದೆ 'ನಾನೇನು ಮಾಡಲಿ' ಅಂತ ಕೇಳಿದರೆ, ಪ್ರತಿ ಬಟವಾಡೆ ಸಂಜೆ ತೋಟದ ಗೇಟಿಗೆ ಬರಲು ಅವರಿಗೇ ಹೇಳಿ.