ಭಾಸ್ಕರಾಚಾರ್ಯರ ಬದುಕು: ಎಷ್ಟು ಗೊತ್ತು, ಹೇಗೆ ಗೊತ್ತು?

ಈ ಬಾರಿಯ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಲೀಲಾವತಿ’ ಎಂಬ ಗಣಿತಗ್ರಂಥದ ಕರ್ತೃ, ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರ ಸುತ್ತಲೇ ಇವೆ. ಯಾವ ಪ್ರಾಚೀನ ವಿದ್ವಾಂಸರ ಚರಿತ್ರೆ ಬರೆಯಹೊರಟರೂ ಎದುರಾಗುವ ತೊಡಕುಗಳೇ ಇವು. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸಿದ್ದೇವೆ.

ಪ್ರಶ್ನೆ: ಒಂಬತ್ತನೇ ತರಗತಿಯ ಮಕ್ಕಳಿಂದ ಭಾಸ್ಕರಾಚಾರ್ಯರ ಬಗ್ಗೆ 20 ನಿಮಿಷದ ಕಾರ್ಯಕ್ರಮ ಮಾಡಿಸಬೇಕು. ಹುಟ್ಟಿದ ವರ್ಷ, ತೀರಿಕೊಂಡ ವರ್ಷ ಒಂದೊಂದು ಕಡೆ ಒಂದೊಂದು ಥರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರ ಮಾತಿನಿಂದಲೇ ಶುರು ಮಾಡಿ. ನಮ್ಮ ಪ್ರಾಚೀನರಲ್ಲಿ ತಮ್ಮ ಹುಟ್ಟಿದ ವರ್ಷವನ್ನು ತಾವೇ ಬರೆದಿಟ್ಟವರು ವಿರಳ. ಇವರು ತಮ್ಮ ಖಗೋಳಗ್ರಂಥ ‘ಸಿದ್ಧಾಂತಶಿರೋಮಣಿ’ಯ ಗೋಲಾಧ್ಯಾಯ ಎಂಬ ಭಾಗದ ಕೊನೆಯಲ್ಲಿ ಬರೆದಿದ್ದಾರೆ: “ರಸಗುಣಪೂರ್ಣಮಹೀಸಮಶಕನೃಪಸಮಯೇಽಭವನ್ಮಮೋತ್ಪತ್ತಿಃ”. ಇದು ಭೂತಸಂಖ್ಯೆ, ಅಂದರೆ ಅಂಕಿಯ ಜಾಗದಲ್ಲಿ ಪದ. ರಸ 6, ಗುಣ 3, ಪೂರ್ಣ 0, ಮಹೀ 1. ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಬೇಕು. ಆಗ ಶಕ 1036 ಸಿಗುತ್ತದೆ. ಅದಕ್ಕೆ 78 ಕೂಡಿದರೆ ಕ್ರಿ.ಶ. 1114.

ಮಕ್ಕಳು ಎಡವುವುದು ಎರಡು ಕಡೆ. ಬರೆದ ಕ್ರಮದಲ್ಲೇ ಓದಿದರೆ 6301 ಆಗುತ್ತದೆ. ಇದು ತಪ್ಪೆಂದು ಕೂಡಲೇ ತಿಳಿಯುವುದರಿಂದ ಅಪಾಯವಿಲ್ಲ. ‘ರಸ’ ಅಂದಕೂಡಲೇ ಕಾವ್ಯದ ನವರಸ ನೆನಪಾಗಿ 9 ಎಂದು ಹಿಡಿದರೆ 1039 ಬರುತ್ತದೆ. ನೋಡಲು ಸರಿಯಾಗಿಯೇ ಕಾಣುವ ಈ ತಪ್ಪೇ ಹೆಚ್ಚು ಕಾಡುವಂಥದ್ದು. ಇಲ್ಲಿನ ರಸ ನಾಲಿಗೆಯ ಷಡ್ರಸ. ಇನ್ನೊಂದು ಸೂಕ್ಷ್ಮವಿದೆ. ಶಕ ವರ್ಷ ಚೈತ್ರದಿಂದ ಆರಂಭವಾಗುತ್ತದೆ, ಹಾಗಾಗಿ ಅದರ ಕೊನೆಯ ತಿಂಗಳುಗಳು ಮುಂದಿನ ಇಸವಿಗೆ ಬೀಳುತ್ತವೆ. ಆ ಭಾಗಕ್ಕೆ ಕೂಡಬೇಕಾದದ್ದು 79. ಶ್ಲೋಕದಲ್ಲಿ ತಿಂಗಳಿನ ಮಾತಿಲ್ಲವಾದ್ದರಿಂದ 1114–15 ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕ.

ಅದೇ ಶ್ಲೋಕದ ಎರಡನೇ ಸಾಲಿನಲ್ಲಿ ‘ರಸಗುಣ’ ವರ್ಷಕ್ಕೆ, ಅಂದರೆ 36ನೇ ವಯಸ್ಸಿಗೆ, ಈ ಗ್ರಂಥ ಬರೆದೆನೆಂದು ಹೇಳಿಕೊಂಡಿದ್ದಾರೆ. ಅಲ್ಲಿಗೆ 1150 ಸಿಕ್ಕಿತು. ಅವರ ಇನ್ನೊಂದು ಗ್ರಂಥ ‘ಕರಣಕುತೂಹಲ’ದಲ್ಲಿ ಗ್ರಹಗಣಿತಕ್ಕೆ ಹಿಡಿದ ಆರಂಭವರ್ಷ ಶಕ 1105, ಅಂದರೆ 1183. ಆಗ ಅವರಿಗೆ 69ರ ಆಸುಪಾಸು. ತೀರಿಕೊಂಡ ವರ್ಷವನ್ನು ಹೇಳುವ ಆಕರವೇ ಇಲ್ಲ. ಅಲ್ಲಲ್ಲಿ ಕಾಣುವ 1185 ಊಹೆಯಷ್ಟೆ. “1183ರವರೆಗಂತೂ ಗ್ರಂಥರಚನೆಯಲ್ಲಿ ತೊಡಗಿದ್ದರು” ಎಂದು ಬರೆದು ನಿಲ್ಲಿಸಿ.

ಟಿಪ್ಪಣಿ ಮಾಡುವಾಗ ಒಂದು ಸಂಗತಿಗೆ ಒಂದು ಚೀಟಿ ಇಡಿ. ಮೇಲೆ ಸಂಗತಿ, ಕೆಳಗೆ ಅದನ್ನು ಮೊದಲು ಹೇಳಿದವರು ಯಾರು, ಯಾವಾಗ, ಯಾವ ಮಾತಿನಲ್ಲಿ ಎಂಬುದು. ‘ಮೊದಲು’ ಎಂಬುದೇ ಮುಖ್ಯ. ಹತ್ತು ಪುಸ್ತಕಗಳಲ್ಲಿ ಇರುವುದು ಹತ್ತು ಸಾಕ್ಷಿಯಲ್ಲ. ಒಬ್ಬರನ್ನೊಬ್ಬರು ನೋಡಿ ಬರೆದಿದ್ದರೆ ಅದು ಒಂದೇ ಸಾಕ್ಷಿ. ಚೀಟಿಯ ಕೆಳಭಾಗ ಖಾಲಿ ಉಳಿದರೆ ಆ ಸಂಗತಿಯನ್ನು ವೇದಿಕೆಗೆ ತರಬೇಡಿ. ಜೊತೆಗೆ, ‘ಭಾಸ್ಕರ’ ಎಂದು ಕಂಡದ್ದೆಲ್ಲ ಇವರೇ ಅಂದುಕೊಳ್ಳಬೇಡಿ. ಆರ್ಯಭಟೀಯಕ್ಕೆ 629ರಲ್ಲಿ ಭಾಷ್ಯ ಬರೆದ ಭಾಸ್ಕರ ಬೇರೆ. ಇಬ್ಬರ ನಡುವೆ ಐದು ಶತಮಾನದ ಅಂತರವಿದೆ.

ಪ್ರಶ್ನೆ: ಅವರು ನಮ್ಮ ವಿಜಯಪುರದವರು ಎಂದೇ ಕೇಳಿ ಬೆಳೆದಿದ್ದೇವೆ. ಮಹಾರಾಷ್ಟ್ರದವರು ಅಂತಲೂ ಓದಿದೆ. ಕಿರುಹೊತ್ತಿಗೆಯಲ್ಲಿ ಏನೆಂದು ಹಾಕಲಿ?

ಉತ್ತರ: ಅಭಿಮಾನವನ್ನು ಸ್ವಲ್ಪ ಬದಿಗಿಟ್ಟು ಶ್ಲೋಕ ನೋಡೋಣ. ಸಹ್ಯಪರ್ವತವನ್ನು ಆಶ್ರಯಿಸಿದ, ವಿದ್ವಜ್ಜನರಿದ್ದ ‘ವಿಜ್ಜಡವಿಡ’ ಎಂಬ ಊರಿನಲ್ಲಿ ಶಾಂಡಿಲ್ಯ ಗೋತ್ರದ ಮಹೇಶ್ವರನಿದ್ದ, ಆತನೇ ತನ್ನ ತಂದೆ ಮತ್ತು ಗುರು ಎನ್ನುತ್ತಾರೆ. ವಿಜಯಪುರದ ವಾದ ನಿಂತಿರುವುದು ಹೆಸರಿನ ಹೋಲಿಕೆಯ ಮೇಲೆ. ಸಹ್ಯದ ಮಾತು ಬಂದಕೂಡಲೇ ಅದು ಸೊರಗುತ್ತದೆ. ಬಯಲುಸೀಮೆಯ ವಿಜಯಪುರವನ್ನು ಸಹ್ಯಾದ್ರಿಯ ಆಶ್ರಯದ ಊರೆನ್ನುವುದು ಕಷ್ಟ.

ಇನ್ನೊಂದು ಕಡೆ ಕಲ್ಲಿನ ಸಾಕ್ಷ್ಯವಿದೆ. ಜಳಗಾಂವ್ ಜಿಲ್ಲೆಯ ಚಾಳೀಸ್‌ಗಾಂವ್ ಬಳಿಯ ಪಾಟಣದಲ್ಲಿ ಸಿಕ್ಕ ಶಾಸನವನ್ನು ವಿದ್ವಾಂಸ ಭಾವು ದಾಜಿ 1865ರಲ್ಲಿ ಬೆಳಕಿಗೆ ತಂದರು. ಮುಂದೆ ಸಂಸ್ಕೃತ ವಿದ್ವಾಂಸ ಕೀಲ್‌ಹಾರ್ನ್ ಅದನ್ನು ಶಾಸನಗಳ ಮಾಲಿಕೆ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಸಂಪಾದಿಸಿದರು. ಭಾಸ್ಕರರ ಮೊಮ್ಮಗ ಚಂಗದೇವ, ಅಜ್ಜನ ಗ್ರಂಥಗಳ ಪಾಠ ನಡೆಯಲೆಂದು ಅಲ್ಲಿ ಮಠ ಸ್ಥಾಪಿಸಿದ್ದನ್ನೂ ಅದಕ್ಕೆ ದೊರೆತ ದತ್ತಿಯನ್ನೂ ಅದು ದಾಖಲಿಸುತ್ತದೆ. ವಂಶಾವಳಿಯೂ ಇದೆ: ತ್ರಿವಿಕ್ರಮನಿಂದ ಮಹೇಶ್ವರನವರೆಗಿನ ಹಿರಿಯರು, ಆಮೇಲೆ ಭಾಸ್ಕರ, ಮಗ ಲಕ್ಷ್ಮೀಧರ, ಮೊಮ್ಮಗ ಚಂಗದೇವ. ಲಕ್ಷ್ಮೀಧರ ಯಾದವ ರಾಜ ಜೈತ್ರಪಾಲನ ಆಶ್ರಯದಲ್ಲಿದ್ದ, ಚಂಗದೇವ ಸಿಂಘಣನ ಆಸ್ಥಾನದ ಜ್ಯೋತಿಷಿ.

ಈ ಶಾಸನದ ಕಾಲವನ್ನು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಿ. ಶಕ 1128, ಪ್ರಭವ ಸಂವತ್ಸರ, ಶ್ರಾವಣ ಹುಣ್ಣಿಮೆ, ಚಂದ್ರಗ್ರಹಣ ಎಂದಿದೆ. 78 ಕೂಡಿದರೆ 1206. ಆದರೆ ವಿದ್ವಾಂಸರು ಒಪ್ಪಿದ ದಿನ 9 ಆಗಸ್ಟ್ 1207. ಯಾಕೆ? ಪ್ರಭವ ಸಂವತ್ಸರ 1987ರ ಯುಗಾದಿಗೂ ಬಂದಿತ್ತು. 1987ರಿಂದ 1207 ಕಳೆದರೆ 780, ಅಂದರೆ 60ರ ಸರಿಯಾಗಿ 13 ಸುತ್ತು. ಆ ವರ್ಷದ ಶ್ರಾವಣ ಹುಣ್ಣಿಮೆಗೆ ಗ್ರಹಣವೂ ಹೊಂದುತ್ತದೆ. ಶಾಸನಗಳಲ್ಲಿ ಶಕ ಸಂಖ್ಯೆ ಒಂದು ವರ್ಷ ಆಚೀಚೆ ಆಗುವುದು ಸಾಮಾನ್ಯ. ಅದಕ್ಕೇ ಸಂವತ್ಸರ, ತಿಥಿ, ಗ್ರಹಣ ಎಲ್ಲವನ್ನೂ ತಾಳೆ ನೋಡಿಯೇ ಇಸವಿ ಬರೆಯಬೇಕು.

ಹಾಗೆಂದು “ಪಾಟಣದಲ್ಲಿ ಹುಟ್ಟಿದರು” ಎಂದು ಬರೆದರೂ ತಪ್ಪಾಗುತ್ತದೆ. ಶಾಸನ ಹೇಳುವುದು ಮೊಮ್ಮಗನ ಮಠದ ವಿಚಾರ, ಅಜ್ಜ ಹುಟ್ಟಿದ ಜಾಗವನ್ನಲ್ಲ. ಹೊತ್ತಿಗೆಯಲ್ಲಿ ಹೀಗೆ ಹಾಕಬಹುದು: “ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡ ತನ್ನ ಮನೆತನದ ಊರೆಂದು ಅವರೇ ಹೇಳಿದ್ದಾರೆ. ಅದು ಪಾಟಣದ ಸುತ್ತಮುತ್ತ ಎಂಬ ವಾದಕ್ಕೆ ಬಲ ಹೆಚ್ಚು. ವಿಜಯಪುರವೆಂಬ ಅಭಿಪ್ರಾಯವೂ ಇದೆ.” ಮೂರು ವಾಕ್ಯದಲ್ಲಿ ಯಾರ ಮಾತು ಯಾವುದು ಎಂಬುದು ಓದುಗರಿಗೆ ತಿಳಿಯುತ್ತದೆ.

ಪ್ರಶ್ನೆ: ಮಗಳು ಲೀಲಾವತಿಯ ಮದುವೆ ಮುಹೂರ್ತ, ಗಳಿಗೆ ಬಟ್ಟಲಿಗೆ ಬಿದ್ದ ಮುತ್ತು ತೂತು ಮುಚ್ಚಿ ಆ ಮುಹೂರ್ತ ತಪ್ಪಿಹೋದದ್ದು — ಈ ಪ್ರಸಂಗವನ್ನು ನಾಟಕ ಮಾಡಬಹುದೇ?

ಉತ್ತರ: ಧಾರಾಳವಾಗಿ ಮಾಡಿ, ಆದರೆ ಕತೆ ಎಂದು ಹೇಳಿ ಮಾಡಿ. ಈ ಪ್ರಸಂಗ ಕಾಣುವುದು ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ಮೂಲ ಗ್ರಂಥಕ್ಕೂ ಅದಕ್ಕೂ ನಾನೂರು ವರ್ಷಕ್ಕಿಂತ ಹೆಚ್ಚಿನ ಅಂತರ. ಮೂಲದಲ್ಲಿ ಲೀಲಾವತಿಯ ಹೆಸರೇನೋ ಇದೆ. “ಅಯೇ ಬಾಲೇ ಲೀಲಾವತಿ ಮತಿಮತಿ” ಎಂದು ಕರೆದು 2, 5, 32, 193, 18, 10, 100 ಇವನ್ನು ಕೂಡಿ ಹೇಳು ಎನ್ನುತ್ತಾರೆ (ಮೊತ್ತ 360). ಅವಳು ಮಗಳೆಂದು ಎಲ್ಲೂ ಇಲ್ಲ. ಬೇರೆ ಲೆಕ್ಕಗಳಲ್ಲಿ ‘ಸಖೇ’, ‘ಗಣಕ’ ಎಂದು ಗೆಳೆಯನನ್ನೋ ಲೆಕ್ಕಿಗನನ್ನೋ ಕರೆದಿದ್ದಾರೆ. ನಾಟಕದ ಮೊದಲ ಮಾತನ್ನು ಫೈಜಿಯ ಪಾತ್ರಕ್ಕೇ ಕೊಟ್ಟುಬಿಟ್ಟರೆ ಸತ್ಯಕ್ಕೂ ಚ್ಯುತಿಯಿಲ್ಲ, ರಂಗಕ್ಕೂ ಒಬ್ಬ ಸೂತ್ರಧಾರ ಸಿಕ್ಕ ಹಾಗಾಯಿತು.

ಗಳಿಗೆ ಬಟ್ಟಲನ್ನು ಮಾತ್ರ ನಿಜವಾಗಿ ಇಡಿ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲು ನೀರಿನಲ್ಲಿ ತೇಲುತ್ತಾ ತುಂಬಿ ಮುಳುಗಿದರೆ ಒಂದು ಗಳಿಗೆ, 24 ನಿಮಿಷ; ಹಗಲಿರುಳು ಸೇರಿ 60 ಸಲ. ನಿಮ್ಮ ಕಾರ್ಯಕ್ರಮದ ಅವಧಿ ಅದಕ್ಕಿಂತ ಕಡಿಮೆಯಿದ್ದರೆ ಬಟ್ಟಲು ಮುಳುಗುವ ಮೊದಲೇ ಪರದೆ ಬೀಳುತ್ತದೆ! ಹಾಗಾಗಿ ಆರು ನಿಮಿಷದ್ದು ಮಾಡಿ. ಲೋಹದ ಬಟ್ಟಲೇ ಆಗಬೇಕು. ನೀರಿಗಿಂತ ಹಗುರವಾದ ಪ್ಲಾಸ್ಟಿಕ್ ತುಂಬಿದರೂ ತೇಲುತ್ತಲೇ ಇರುತ್ತದೆ. ತೂತನ್ನು ಅತಿ ಸಣ್ಣದರಿಂದ ಶುರು ಮಾಡಿ, ಗಡಿಯಾರ ಹಿಡಿದು ಪರೀಕ್ಷಿಸುತ್ತಾ ಹಿಗ್ಗಿಸಿ. ತೂತಿನ ಅಡ್ಡಗಲ ಎರಡು ಪಟ್ಟಾದರೆ ಮುಳುಗುವ ಸಮಯ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಆತುರ ಬೇಡ. ಕೊನೆಯ ಅರ್ಧ ನಿಮಿಷದ ಹೊಂದಾಣಿಕೆಯನ್ನು ಬಟ್ಟಲಿಗೆ ನಾಣ್ಯ ಹಾಕಿ ಮಾಡಿ. ಭಾರ ಹೆಚ್ಚಿದಷ್ಟೂ ಬೇಗ ಮುಳುಗುತ್ತದೆ. ತೂತಿನ ಅಂಚಿನಲ್ಲಿ ಲೋಹದ ಮುಳ್ಳು ಉಳಿದರೆ, ಅಥವಾ ನೀರಿನಲ್ಲಿ ಕಸವಿದ್ದರೆ, ಪ್ರತಿ ಸಲ ಸಮಯ ಬದಲಾಗುತ್ತದೆ. ನೀರು ಸೋಸಿ, ತೂತಿನ ಅಂಚನ್ನು ಉಜ್ಜಿ ನಯ ಮಾಡಿ.

ಪ್ರಶ್ನೆ: “ನ್ಯೂಟನ್‌ಗಿಂತ 500 ವರ್ಷ ಮೊದಲೇ ಗುರುತ್ವಾಕರ್ಷಣೆ ಕಂಡುಹಿಡಿದರು” ಎಂದು ಫಲಕ ಬರೆಯಬಹುದೇ?

ಉತ್ತರ: ಬೇಡ. ಗೋಲಾಧ್ಯಾಯದ ಮಾತು “ಆಕೃಷ್ಟಿಶಕ್ತಿಶ್ಚ ಮಹೀ” ಎಂದು ಶುರುವಾಗುತ್ತದೆ. ಭೂಮಿಗೆ ಸೆಳೆಯುವ ಶಕ್ತಿಯಿದೆ, ಆಕಾಶದಲ್ಲಿರುವ ಭಾರದ ವಸ್ತುವನ್ನು ತನ್ನತ್ತ ಸೆಳೆಯುತ್ತದೆ, ಅದು ಬೀಳುವಂತೆ ಕಾಣುತ್ತದೆ. ಸುತ್ತಲೂ ಆಕಾಶ ಸಮನಾಗಿರುವಾಗ ಭೂಮಿ ತಾನೆಲ್ಲಿ ಬೀಳಬೇಕು — ಇಷ್ಟು ಅದರ ತಾತ್ಪರ್ಯ. ಸೆಳೆತ ಎಷ್ಟು, ದೂರ ಹೆಚ್ಚಿದರೆ ಏನಾಗುತ್ತದೆ ಎಂಬ ಲೆಕ್ಕ ಅಲ್ಲಿಲ್ಲ. ಭೂಮಿ ಸ್ಥಿರ ಎಂದೇ ಅವರ ಮತ. ಫಲಕದ ಮೇಲೆ ಶ್ಲೋಕವನ್ನೂ ಕನ್ನಡ ಅರ್ಥವನ್ನೂ ಹಾಕಿ, ಹೋಲಿಕೆ ಬಿಡಿ. ‘ಎಲ್ಲಿ ಬೀಳಬೇಕು’ ಎಂಬ ಪ್ರಶ್ನೆಯೊಂದೇ ನೋಡುಗರನ್ನು ನಿಲ್ಲಿಸುತ್ತದೆ.

ಅವರ ನಿಜವಾದ ಹೆಗ್ಗಳಿಕೆ ತೋರಿಸಬೇಕೆಂದರೆ ಬೀಜಗಣಿತದ ಚಕ್ರವಾಲ ಇದೆ, ಸುತ್ತುಸುತ್ತಾಗಿ ಸಾಗಿ ಉತ್ತರ ಮುಟ್ಟುವ ವಿಧಾನ ಅದು. ಅದರಿಂದ ಬಿಡಿಸಿದ ಒಂದು ಲೆಕ್ಕ: ಯಾವ ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿದರೆ ಮತ್ತೆ ವರ್ಗವೇ ಬರುತ್ತದೆ? ಸೊನ್ನೆ ಬಿಟ್ಟರೆ ಅತಿ ಚಿಕ್ಕ ಉತ್ತರ 226153980. ಬರುವ ವರ್ಗದ ಮೂಲ 1766319049. ಇದೇ 61ರ ಲೆಕ್ಕವನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯೂರೋಪಿನ ಗಣಿತಜ್ಞರ ಮುಂದಿಟ್ಟ. ಫಲಕದಲ್ಲಿ ಒಂದು ಅಂಕಿ ತಪ್ಪಿದರೂ ಲೆಕ್ಕ ಹಾಳು, ಮುದ್ರಣಕ್ಕೆ ಮುನ್ನ ಗುಣಿಸಿ ನೋಡಿ. ಸಭಿಕರಿಗಾದರೆ ನವಿಲು-ಹಾವಿನ ಲೆಕ್ಕ ಸಾಕು. 9 ಮೊಳದ ಕಂಬದ ಮೇಲೆ ನವಿಲು, ಕಂಬದ ಬುಡದಲ್ಲಿ ಬಿಲ, 27 ಮೊಳ ದೂರದಿಂದ ಬಿಲದತ್ತ ಬರುವ ಹಾವು. ಎರಡೂ ಸಮ ದೂರ ಸಾಗಿದರೆ ಬಿಲದಿಂದ ಎಷ್ಟು ದೂರದಲ್ಲಿ ಸಂಧಿ? ಉತ್ತರ 12 ಮೊಳ: ಹಾವು 15 ಸಾಗಿತು, ನವಿಲಿನ ದಾರಿ 9 ಮತ್ತು 12ರ ಕರ್ಣ, ಅದೂ 15. ಹಗ್ಗ ಹಿಡಿದು ಅಂಗಳದಲ್ಲೇ ತೋರಿಸಬಹುದು.

ಪ್ರಶ್ನೆ: ಅವರ ನಿಜವಾದ ಚಿತ್ರ ಎಲ್ಲಿ ಸಿಗುತ್ತದೆ?

ಉತ್ತರ: ಸಿಗುವುದಿಲ್ಲ. ಗಡ್ಡ, ಜನಿವಾರ, ಕೈಯಲ್ಲಿ ತಾಳೆಗರಿ ಇರುವ ಚಿತ್ರಗಳೆಲ್ಲ ಈಚಿನ ಕಲಾವಿದರ ಕಲ್ಪನೆ. ಬಳಸಲೇಬೇಕೆಂದರೆ ಕೆಳಗೆ ‘ಕಲ್ಪಿತ ಚಿತ್ರ’ ಎಂದು ಬರೆದು ಕಲಾವಿದರ ಹೆಸರು ಹಾಕಿ. ಅದಕ್ಕಿಂತ ‘ಲೀಲಾವತಿ’ಯ ಹಸ್ತಪ್ರತಿಯ ಒಂದು ಪುಟವನ್ನು ದೊಡ್ಡದಾಗಿ ಹಾಕುವುದು ಒಳ್ಳೆಯದು. ಪ್ರತಿ ಇರುವ ಗ್ರಂಥಾಲಯದ ಅನುಮತಿ ಪಡೆದು, ಪ್ರತಿಯ ಸಂಖ್ಯೆಯನ್ನೂ ನಕಲು ಮಾಡಿದ ಕಾಲವನ್ನೂ ನಮೂದಿಸಿ. ಈ ಕಾಲ ಸಾಮಾನ್ಯವಾಗಿ ಕೊನೆಯ ಗರಿಯಲ್ಲಿರುತ್ತದೆ. ಅದು ನಕಲುಗಾರ ಬರೆದು ಮುಗಿಸಿದ ದಿನ, ಗ್ರಂಥ ಹುಟ್ಟಿದ ದಿನವಲ್ಲ. ಚಿತ್ರದ ಕೆಳಗಿನ ಬರಹದಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ.