ಮೆಣಸಿಗೂ ಮಾತಿಗೂ ಒಂದೇ ಜರಡಿ

ಪ್ರಶ್ನೆ: ಕೇರಳದಿಂದ ತರಿಸಿದ ಕಾಳುಮೆಣಸಿನ ಬಿಲ್ಲಿನಲ್ಲಿ ‘ಮಲಬಾರ್ ಗಾರ್ಬಲ್ಡ್’ ಎಂದು ಬರೆದಿದೆ. ಕಾಲೇಜು ಓದುವ ಮಗಳು ‘ಅಪ್ಪಾ, ಗಾರ್ಬಲ್ ಅಂದ್ರೆ ತಿರುಚಿ ಕೆಡಿಸೋದು’ ಅನ್ನುತ್ತಾಳೆ. ಮೂಟೆ ವಾಪಸ್ ಕಳಿಸಲೇ ಸರ್?
– ಕಿರಾಣಿ ವ್ಯಾಪಾರಿ, ಹೊಳಲ್ಕೆರೆ

ಉತ್ತರ: ತಡೀರಿ ಸ್ವಾಮಿ. ಒಂದು ಹಿಡಿ ಕಾಳು ಅಂಗೈಗೆ ಹಾಕಿಕೊಂಡು ನೋಡಿ. ತೊಟ್ಟು, ಧೂಳು, ಜೊಳ್ಳು ಕಾಣದಿದ್ದರೆ ಬಿಲ್ಲು ಬರೆದವರು ಸರಿಯಾಗೇ ಬರೆದಿದ್ದಾರೆ. ಮಗಳೂ ತಪ್ಪು ಹೇಳಿಲ್ಲ.

ಅರಬ್ಬಿಯಲ್ಲಿ ‘ಘಿರ್ಬಾಲ್’ ಅಂದರೆ ಜರಡಿ, ‘ಘರ್ಬಲ’ ಅಂದರೆ ಜರಡಿ ಹಿಡಿಯುವುದು. ಮಸಾಲೆ ಸಾಮಾನಿನ ಜತೆಗೇ ಈ ಮಾತು ಇಟಲಿ ವ್ಯಾಪಾರಿಗಳ ಬಾಯಿಗೆ ಬಂದು, 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಇಳಿಯಿತು. ಲಂಡನ್ನಿನಲ್ಲಿ ‘ಗಾರ್ಬ್ಲರ್’ ಎಂಬ ಅಧಿಕಾರಿಯೇ ಇದ್ದ. ಅಂಗಡಿಗೆ ನುಗ್ಗಿ, ಮಸಾಲೆ ಪರೀಕ್ಷಿಸಿ, ಕಸ ತೆಗೆಸುವುದು ಅವನ ಕೆಲಸ. (ನಿಮ್ಮಂಗಡಿಗೂ ಅಂಥವನೊಬ್ಬ ಬಂದರೆ ಟೀ ತರಿಸುತ್ತೀರೋ, ಶಟರ್ ಎಳೆಯುತ್ತೀರೋ!) ನಮ್ಮ ಕಡೆ ಹೇಳುವಂತೆ, ಗಾರ್ಬಲ್ ಮಾಡುವುದೆಂದರೆ ಹಸನು ಮಾಡುವುದು.

ಕಾಳಿಗೆ ಹಿಡಿದ ಜರಡಿಯನ್ನು ಆಮೇಲೆ ಮಾತಿಗೂ ಹಿಡಿದರು. ತಮಗೆ ಬೇಕಾದ್ದನ್ನು ಉಳಿಸಿಕೊಂಡು, ಬೇಡವಾದ್ದನ್ನು ಜಾರಿಸಿಬಿಡುವುದು. ದಾವಣಗೆರೆಯ ನಮ್ಮ ಸೋದರತ್ತೆಯನ್ನು ಒಬ್ಬ ಹುಡುಗನ ಬಗ್ಗೆ ಮದುವೆ ದಲ್ಲಾಳಿ ವಿಚಾರಿಸಿದ್ದ. ಅತ್ತೆ ಅಂದದ್ದು: ‘ಹುಡುಗ ಒಳ್ಳೇನೇ, ಇಸ್ಪೀಟಿಗೆ ಕುಂತ್ರೆ ಮಾತ್ರ ಹೊಲ ಮನಿ ನೆನಪಿರಲ್ಲ.’ ಹೆಣ್ಣಿನ ಮನೆಗೆ ಮುಟ್ಟಿದ್ದು: ‘ಹುಡುಗ ಒಳ್ಳೇನು ಅಂತ ಅತ್ತೆಮ್ಮನೇ ಹೇಳ್ಯಾರೆ.’ ಒಂದಕ್ಷರವೂ ದಲ್ಲಾಳಿಯ ಸ್ವಂತದ್ದಲ್ಲ. ಲಗ್ನವೂ ಆಯಿತು, ಆಮೇಲಿನದ್ದು ಬೇಡ ಬಿಡಿ. ನಾವು ಇಂಥದಕ್ಕೆ ‘ತಿರುಚಿದ’ ಅಂದುಬಿಡುತ್ತೇವೆ. ಆದರೆ ಅವನು ತಿರುಚಿದ್ದೇನು? ಸೋಸಿದ್ದಷ್ಟೇ. ಆ ಸೂಕ್ಷ್ಮ ಇಂಗ್ಲಿಷಿನ ಈ ಪದದಲ್ಲಿದೆ ಅನ್ನಿಸುತ್ತದೆ ನನಗೆ. ಈಗೀಗ ಅದೂ ಸವೆದು, ಫೋನಿನಲ್ಲಿ ಮಾತು ಕಲಸುಮೇಲೋಗರವಾದರೂ ‘ಗಾರ್ಬಲ್ಡ್’ ಅನ್ನುತ್ತಾರೆ.

ಮೆಣಸಿನ ವ್ಯಾಪಾರ ಮಾತ್ರ ಹಳೆಯ ಅರ್ಥವನ್ನು ಬಿಟ್ಟಿಲ್ಲ. ‘ಎಂ.ಜಿ. 1’ ಎಂಬ ದರ್ಜೆಯ ಹೆಸರಿನಲ್ಲಿ ಇರುವುದು ಇದೇ ಮಲಬಾರ್ ಗಾರ್ಬಲ್ಡ್. ಹಸನು ಮಾಡದ ಮಾಲು ‘ಅನ್‌ಗಾರ್ಬಲ್ಡ್’. ಆದ್ದರಿಂದ ಕನ್ನಡಕ ಹಾಕಿಕೊಂಡು ಬಿಲ್ಲನ್ನು ಇನ್ನೊಮ್ಮೆ ನೋಡಿ. ಮುಂದೆ ‘ಅನ್’ ಇದ್ದರೆ ದರ ಇಳಿಸಿ ಅಂತ ಫೋನ್ ಮಾಡಿ. ಇಲ್ಲದಿದ್ದರೆ ಮೂಟೆ ಒಳಗಿಟ್ಟು ದುಡ್ಡು ಕಳಿಸಿ.