ಹಸಿ ಅಡಿಕೆ ತೂಕ, ಒಣ ಅಡಿಕೆ ತೂಕ

ಸಾಗರದ ಮಿತ್ರರಿಗೆ,

ನಿಮ್ಮ ಲೇಖನ ‘ಹೊಗೆಯ ಇತಿಹಾಸ’ ತಲುಪಿತು, ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಕಲ್ಲಿದ್ದಲು, ತೈಲ, ಗ್ಯಾಸ್ ಸುಟ್ಟು ಜಗತ್ತು 1950ರಲ್ಲಿ 160 ಕೋಟಿ ಟನ್ ಹೊಗೆ ಉಗುಳಿತ್ತು, 2023ರಲ್ಲಿ 3,700 ಕೋಟಿ, ಅಂದರೆ ಇಪ್ಪತ್ಮೂರು ಪಟ್ಟು ಎಂದು ಬರೆದಿದ್ದೀರಿ. ಮೊದಲನೆಯದು ಬರೀ ಇಂಗಾಲದ ತೂಕ, ಎರಡನೆಯದು ಇಂಗಾಲದ ಡೈಆಕ್ಸೈಡಿನದು. ಹಳೆಯ ಪಟ್ಟಿಗಳು ಎಷ್ಟೋ ಕಡೆ ಇಂಗಾಲದಲ್ಲೇ ಲೆಕ್ಕ ಇಟ್ಟಿವೆ. 12 ಕಿಲೋ ಇಂಗಾಲ ಉರಿದರೆ ಗಾಳಿಯ ಆಮ್ಲಜನಕವೂ ಸೇರಿ 44 ಕಿಲೋ ಡೈಆಕ್ಸೈಡ್ ಆಗುತ್ತದೆ. ನಿಮ್ಮ 160ನ್ನು 3.67ರಿಂದ ಗುಣಿಸಿ ನೋಡಿ, ಸುಮಾರು 590 ಕೋಟಿ. ಏರಿಕೆ ಆರು ಪಟ್ಟು ಚಿಲ್ಲರೆ, ಅಷ್ಟೇ. ತೋಟದವರು ನೀವು, ಹಸಿ ಅಡಿಕೆಯನ್ನೂ ಒಣಗಿದ್ದನ್ನೂ ಒಂದೇ ಚೀಟಿಯಲ್ಲಿ ಕೂಡಿಸಿ ಒಯ್ದರೆ ಮಂಡಿಯಲ್ಲಿ ನಗುವುದಿಲ್ಲವೇ?

‘ಒಂದು ವರ್ಷವೂ ಇಳಿದಿಲ್ಲ’ ಎಂಬುದೂ ತಪ್ಪು. 1930ರ ದಶಕದ ಆರಂಭದ ಆರ್ಥಿಕ ಕುಸಿತ, 1980ರ ಹೊತ್ತಿನ ತೈಲದ ಬಿಕ್ಕಟ್ಟು, 2009, ಆಮೇಲೆ ಲಾಕ್‌ಡೌನಿನ 2020: ಆಗೆಲ್ಲ ಇಳಿದಿದೆ. 2020ರಲ್ಲಿ ಶೇ 5ರಷ್ಟು ಬಿತ್ತು, ಮರುವರ್ಷವೇ ಎದ್ದು ಕೂತಿತು.

ಅಡಿಕೆ ಬೇಯಿಸುವ ಒಲೆಯ ಪ್ಯಾರಾ ನನಗೆ ಇಷ್ಟವಾಯಿತು. ಚೊಗರಿನ ವಾಸನೆ, ಒದ್ದೆ ಸೌದೆ ಊದಿ ಊದಿ ಕೆಂಪಾದ ಅಮ್ಮನ ಕಣ್ಣು. ಆದರೆ ಸೌದೆಯ ಹೊಗೆ ಈ ಲೆಕ್ಕಕ್ಕೆ ಬರುವುದಿಲ್ಲ. ಇದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಧನದ ಲೆಕ್ಕ. ಬೇರೆ ಬರಹಕ್ಕೆ ಎತ್ತಿಡಿ.

ಇನ್ನು ಏಳನೇ ಪುಟದಲ್ಲಿ ಒಂದೇ ಸಾಲು: ಅಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಲೇಖನ ಇಲ್ಲಿದೆಯಲ್ಲ ಮಾರಾಯರೇ! ಅಣೆಕಟ್ಟು ಮುಗಿದದ್ದು 1964ರಲ್ಲಿ. 1950ರಿಂದ 1970ರೊಳಗೆ ಜಗತ್ತಿನ ಹೊಗೆ ಸುಮಾರು ಎರಡೂವರೆ ಪಟ್ಟಾಯಿತು. ಅದೇ ಕಾಲದಲ್ಲಿ, ಕಲ್ಲಿದ್ದಲು ಸುಡದೆ ಬರುವ ಕರೆಂಟಿಗಾಗಿ ನಿಮ್ಮವರು ಊರು ಬಿಟ್ಟರು. ಅವತ್ತು ಏನೇನು ಹೊತ್ತರು, ಏನು ಬಿಟ್ಟರು, ಹೋದ ಊರಿಗೆ ಕರೆಂಟು ಯಾವಾಗ ಬಂತು? ಮನೆಯ ಹಿರಿಯರನ್ನು ಕೇಳಿ, ಅಲ್ಲಿಂದ ಶುರು ಮಾಡಿ. ‘ಎಚ್ಚೆತ್ತುಕೊಳ್ಳೋಣ ಬನ್ನಿ’ ಎಂಬ ಕೊನೆಯ ಪ್ಯಾರಾ ನಾನೇ ಹೊಡೆದುಹಾಕಿದ್ದೇನೆ.

ಅಡಿಕೆ ಕೊನೆ ಕೊಯ್ಲಿಗೆ ಮುಂಚೆ ಕಳಿಸಿಬಿಡಿ. ಸುಗ್ಗಿ ಶುರುವಾದರೆ ನೀವು ಕೈಗೆ ಸಿಗುವವರಲ್ಲ.

— ಸಂಪಾದಕ, ಶಿವಮೊಗ್ಗ